ಪುಸ್ತಕ ಬಾರದ ಊರಿನಲ್ಲಿ

ನಾನು ಪಾಠ ಮಾಡುವ ಊರು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗಿನ ರಸ್ತೆಯಲ್ಲಿ ಬೀಜ-ಗೊಬ್ಬರದ ಅಂಗಡಿಗಳಿವೆ, ಮೊಬೈಲ್ ಅಂಗಡಿಗಳಿವೆ, ಖಾನಾವಳಿಗಳಿವೆ, ‘ಬುಕ್ ಸ್ಟಾಲ್’ ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳೂ ಇವೆ. ಅವುಗಳಲ್ಲಿ ನೋಟ್‌ಬುಕ್ಕು, ಗೈಡು, ಪಿಎಸ್‌ಐ-ಎಫ್‌ಡಿಎ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಯುಗಾದಿ ಹತ್ತಿರ ಬಂದರೆ ಪಂಚಾಂಗ ಸಿಗುತ್ತವೆ. ಕಾದಂಬರಿ ಕೇಳಿದರೆ ಅಂಗಡಿಯವರು, "ಅದನ್ನ ತರಸೂದಿಲ್ರೀ ಸರ್, ಹೋಗೂದಿಲ್ಲ" ಎನ್ನುತ್ತಾರೆ. ಕಥೆ, ಕವಿತೆ, ಆತ್ಮಕಥೆ ಬೇಕಾದವರು ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ನಿಜ. ಆದರೆ ಹೋಗಿಬರಲು ಇಡೀ ಒಂದು ದಿನ ಬೇಕು. ಪುಸ್ತಕ ತರಲಿಕ್ಕೆಂದು ಮಗಳನ್ನು ಅಷ್ಟು ದೂರ ಒಂಟಿಯಾಗಿ ಕಳಿಸುವ ಮನೆಗಳು ನಮ್ಮ ಕಡೆ ಇನ್ನೂ ಕಡಿಮೆ.

ಹೀಗಾಗಿ ನಮ್ಮ ಊರಿನಲ್ಲಿ ಕನ್ನಡ ಸಾಹಿತ್ಯ ಸಿಗುವ ಜಾಗವೆಂದರೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ. ಅಂಗಡಿಯ ಹುಡುಗ ನಮ್ಮಲ್ಲೇ ಬಿ.ಎ. ಓದಿದವನು. ಅವನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿದೆ. ವಾಟ್ಸಾಪ್ ಗುಂಪುಗಳಿಂದ, ಟೆಲಿಗ್ರಾಂ ಚಾನೆಲ್ಲುಗಳಿಂದ, ಓದುವ ಗೆಳೆಯರಿಂದ ಬಂದದ್ದನ್ನೆಲ್ಲ ಅವನು ಅಲ್ಲಿ ಕೂಡಿಟ್ಟಿದ್ದಾನೆ. ಯಾರಾದರೂ ಒಂದು ಪುಸ್ತಕದ ಹೆಸರು ಹೇಳಿದರೆ, "ಪಿಡಿಎಫ್ ಐತಿ, ತೆಗೀಲೇನ್ರಿ?" ಎಂದು ಕೇಳುತ್ತಾನೆ. ಒಂದು ಹಾಳೆಯ ಒಂದು ಬದಿಗೆ ಎರಡು ಪುಟ ಬರುವಂತೆ ಅಡ್ಡಡ್ಡ ತೆಗೆದು, ಹಿಂದೆ ಮುಂದೆ ಅಚ್ಚು ಮಾಡಿ, ಸ್ಪೈರಲ್ ಹಾಕಿ ಕೊಡುತ್ತಾನೆ. ಇನ್ನೂರು ಪುಟದ ಕಾದಂಬರಿ ಐವತ್ತು ಹಾಳೆಯಲ್ಲಿ ಮುಗಿಯುತ್ತದೆ. ಅಸಲು ಪುಸ್ತಕದ ಬೆಲೆಗೂ ಇದಕ್ಕೂ ಇರುವ ವ್ಯತ್ಯಾಸ ನೂರು, ನೂರೈವತ್ತು ರೂಪಾಯಿ. ಆ ಹಣ ಇವರಿಗೆ ಸಣ್ಣದಲ್ಲ. ಆದರೂ ಇವರು ಜೆರಾಕ್ಸಿಗೆ ಬರಲು ಅದೊಂದೇ ಕಾರಣವಲ್ಲ. ಜೆರಾಕ್ಸ್ ಇವತ್ತು, ಈಗ, ಇಲ್ಲೇ ಸಿಗುತ್ತದೆ. ಪುಸ್ತಕ ಎಲ್ಲಿ ಸಿಗುತ್ತದೆ, ಯಾರಿಗೆ ದುಡ್ಡು ಕಳಿಸಬೇಕು, ಎಂದು ಬರುತ್ತದೆ, ಬರುತ್ತದೋ ಇಲ್ಲವೋ ಎಂಬುದು ಅವರಿಗೆ ತಿಳಿಯದು.

ಕಳೆದ ವರ್ಷ ಅಂತಿಮ ಬಿ.ಎ.ಯ ಒಬ್ಬ ವಿದ್ಯಾರ್ಥಿನಿ ಅಂಥದೊಂದು ಪ್ರತಿಯನ್ನು ನನ್ನ ಕೈಗಿತ್ತಳು. ತೇಜಸ್ವಿಯವರ ಕಾದಂಬರಿ. ಮೊದಲ ಹಾಳೆಯಲ್ಲಿ ಬೂದು ಬಣ್ಣಕ್ಕೆ ತಿರುಗಿದ ಒಂದು ದುಂಡು ಮೊಹರು ಇತ್ತು. ‘ಶಾಖಾ ಗ್ರಂಥಾಲಯ’ ಎಂಬಷ್ಟು ಓದಲು ಬರುತ್ತಿತ್ತು, ಊರಿನ ಹೆಸರು ಮಸಿಯಲ್ಲಿ ಮುಳುಗಿತ್ತು. ಅಂದರೆ ಎಲ್ಲೋ ಒಂದು ಸಾರ್ವಜನಿಕ ಗ್ರಂಥಾಲಯದ ಪುಸ್ತಕವನ್ನು ಯಾರೋ ಮನೆಗೆ ಒಯ್ದು, ಮೊಬೈಲಿನಲ್ಲಿ ಪುಟಪುಟವೂ ಫೋಟೊ ತೆಗೆದಿದ್ದಾರೆ. ಅನೇಕ ಪುಟಗಳ ಅಂಚಿನಲ್ಲಿ ಪುಸ್ತಕ ಮುಚ್ಚಿಕೊಳ್ಳದಂತೆ ಒತ್ತಿ ಹಿಡಿದ ಹೆಬ್ಬೆರಳು ಕಾಣುತ್ತಿತ್ತು. ಹೊಲಿಗೆಯ ಕಡೆಗೆ ಸಾಲುಗಳು ಬಾಗಿ, ಕೊನೆಯ ಅಕ್ಷರಗಳು ಒಳಸೇರಿದ್ದವು. ಓದಿದವರಾರೋ ಅಂಥ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಅಕ್ಷರ ತುಂಬಿದ್ದರು. ನಡುವೆ ಒಂದು ಕಡೆ ಅಚ್ಚಾದ ಪುಟವೇ ಇರಲಿಲ್ಲ, ಅದರ ಬದಲು ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯೊಂದನ್ನು ಎರಡೂ ಬದಿ ದುಂಡಗಿನ ಅಕ್ಷರದಲ್ಲಿ ಬರೆದು ಸೇರಿಸಿದ್ದರು.

"ಇಲ್ಲಿ ಎರಡು ಪುಟ ಇರಲಿಲ್ರೀ ಸರ್. ನಮ್ಮ ಸೀನಿಯರ್ ಅಕ್ಕ ಧಾರವಾಡಕ್ಕ ಎಂ.ಎ. ಮಾಡಾಕ ಹೋದ್ಳಲ್ರೀ, ಆಕಿ ಅಲ್ಲೆ ಲೈಬ್ರರ್‍ಯಾಗ ಕುಂತು ಬರಕೊಂಡು ಬಂದು ಕೊಟ್ಟಾಳ್ರೀ."

ಹಿಂದಿನ ಹಾಳೆಯಲ್ಲಿ ಆ ಪ್ರತಿಯನ್ನು ಓದಿದವರ ಹೆಸರುಗಳು ಒಂದರ ಕೆಳಗೊಂದು ಇದ್ದವು. ಎಲ್ಲವೂ ಹುಡುಗಿಯರವು. ಕೆಲವು ಹೆಸರುಗಳ ಮುಂದೆ ಊರು: ಹಳ್ಳಿಗಳು, ತಾಂಡಾಗಳು. ನಾನು ಆ ಪ್ರತಿಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತೆ. ಒಂದು ಪುಸ್ತಕದ ಎರಡು ಪುಟಕ್ಕಾಗಿ ಇಷ್ಟು ದೂರ ಹೋದ ಓದುಗರನ್ನು ಯಾವ ಲೇಖಕನಾದರೂ ತನ್ನವರೆಂದು ಹೇಳಿಕೊಳ್ಳಲು ಹೆಮ್ಮೆಪಡುತ್ತಾನೆ. ಕಾನೂನು ಈ ಪ್ರತಿಯನ್ನು ಅಕ್ರಮ ಎನ್ನುತ್ತದೆ. ಈ ಹುಡುಗಿಯರನ್ನು ಕಳ್ಳರು ಎನ್ನಲು ಮಾತ್ರ ನನ್ನ ನಾಲಗೆ ಏಳುವುದಿಲ್ಲ.

ಆದರೆ ಇದೇ ಮಾತನ್ನು ಎಲ್ಲ ನಕಲಿಗೂ ನಾನು ಹೇಳಲಾರೆ. ನಗರಗಳ ಫುಟ್‌ಪಾತಿನಲ್ಲಿ, ಆನ್‌ಲೈನ್ ಮಾರುಕಟ್ಟೆಗಳಲ್ಲಿ ಕಳ್ಳ ಮುದ್ರಣದ ಪುಸ್ತಕಗಳು ರಾಶಿರಾಶಿ ಮಾರಾಟವಾಗುತ್ತವೆ. ಹೆಚ್ಚಿನವು ಇಂಗ್ಲಿಷಿನವು, ಈಚೆಗೆ ಕೇಳಿಕೆ ಇರುವ ಕನ್ನಡ ಪುಸ್ತಕಗಳಿಗೂ ಆ ಕಾಟ ತಗುಲಿದೆ. ತೆಳುವಾದ ಕಾಗದ, ಕೈಗೆ ಅಂಟುವ ಮಸಿ, ಒಂದು ಓದಿಗೇ ಬಿಚ್ಚಿಕೊಳ್ಳುವ ಅಂಟು. ಅಲ್ಲಿ ಪುಸ್ತಕ ಸಿಗದ ಓದುಗನ ಕಷ್ಟದ ಪ್ರಶ್ನೆಯೇ ಇಲ್ಲ, ಅಸಲು ಪ್ರತಿ ನಾಲ್ಕು ಹೆಜ್ಜೆ ಆಚೆಯ ಮಳಿಗೆಯಲ್ಲೇ ಇರುತ್ತದೆ. ಕಳ್ಳ ಮುದ್ರಕ ಬರೆದವನಿಗೆ ದುಡ್ಡು ಕೊಡುವುದಿಲ್ಲ, ತಿದ್ದಿದವನಿಗೆ ಕೊಡುವುದಿಲ್ಲ, ಮುಖಪುಟ ಬರೆದ ಕಲಾವಿದನಿಗೆ ಕೊಡುವುದಿಲ್ಲ, ಯಾವ ಪುಸ್ತಕ ಓಡುತ್ತದೆಂದು ಮೊದಲು ಕಾದು ನೋಡಿ ಆಮೇಲೆ ಅಚ್ಚು ಹಾಕುತ್ತಾನೆ. ಇದು ಶುದ್ಧ ಕಳ್ಳತನ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದು ಜಾರಿಯಾಗಬೇಕು, ಇನ್ನೂ ಚುರುಕಾಗಿ ಆಗಬೇಕು.

ಇವೆರಡರ ನಡುವೆ ಇರುವುದೇ ಕಷ್ಟದ ಜಾಗ, ಅಲ್ಲಿ ನನ್ನ ಮನಸ್ಸು ಹೊಯ್ದಾಡುತ್ತದೆ. ಬೆಳಗಾವಿ ಕಡೆಯ ನನ್ನ ಗೆಳೆಯರೊಬ್ಬರು ಕಥೆಗಾರರು, ಪ್ರಾಥಮಿಕ ಶಾಲೆಯ ಮಾಸ್ತರರು. ಪತ್ತಿನ ಸಹಕಾರಿ ಸಂಘದಲ್ಲಿ ಸಾಲ ತೆಗೆದು ತಮ್ಮ ಕಥಾಸಂಕಲನವನ್ನು ತಾವೇ ಅಚ್ಚು ಹಾಕಿಸಿದರು. ಕನ್ನಡದಲ್ಲಿ ಹೊಸ ಲೇಖಕರ ಪುಸ್ತಕ ಐನೂರು, ಹೆಚ್ಚೆಂದರೆ ಸಾವಿರ ಪ್ರತಿ ಅಚ್ಚಾಗುತ್ತದೆ. ಮಾರಾಟ ಮಳಿಗೆಯವರು ಮುಖಬೆಲೆಯಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಕಮಿಷನ್ ಹಿಡಿಯುತ್ತಾರೆ. ಪ್ರಕಾಶಕರು ಹಾಕಿದ ಪುಸ್ತಕವಾದರೆ ಲೇಖಕರಿಗೆ ಸಾಮಾನ್ಯವಾಗಿ ಶೇಕಡ 10 ಗೌರವಧನ, ಅಂದರೆ ಇನ್ನೂರು ರೂಪಾಯಿಯ ಪುಸ್ತಕಕ್ಕೆ ಇಪ್ಪತ್ತು ರೂಪಾಯಿ. ಎಲ್ಲ ಸಾವಿರ ಪ್ರತಿ ಮುಗಿದರೂ ಇಪ್ಪತ್ತು ಸಾವಿರ, ಅದೂ ಮೂರು ನಾಲ್ಕು ವರ್ಷಗಳಲ್ಲಿ ಹನಿಹನಿಯಾಗಿ. ನನ್ನ ಗೆಳೆಯರ ಪುಸ್ತಕ ಬಿಡುಗಡೆಯಾದ ತಿಂಗಳೊಳಗೆ ಅದರ ಪಿಡಿಎಫ್ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬಂತು. ಹಾಕಿದವರು ಪ್ರೀತಿಯಿಂದಲೇ ಹಾಕಿದ್ದರು, ‘ನಮ್ಮ ಮಾಸ್ತರರ ಕಥೆ, ಎಲ್ಲರೂ ಓದಿ’ ಎಂದು. ಆ ವಾರ ಗೆಳೆಯರಿಗೆ ಮೆಚ್ಚುಗೆಯ ಫೋನುಗಳೋ ಫೋನು. ಅವರ ಮನೆಯ ಅಟ್ಟದ ಮೇಲೆ ಕಂದು ಕಾಗದದ ಕಟ್ಟುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರತಿಗಳು ಕೂತಿದ್ದವು. "ಓದಿದ್ರಲ್ಲ ಅನ್ನೂದು ಖುಷಿನ ಐತಿ. ಆದ್ರ ಎರಡನೇ ಪುಸ್ತಕಕ್ಕ ಸಾಲ ಯಾರು ಕೊಡ್ತಾರ?" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವು ಇತ್ತು.

ಆ ಗುಂಪಿನಲ್ಲಿದ್ದ ಶಿಕ್ಷಕರೆಲ್ಲ ಸಂಬಳದಾರರು. ಲೇಖಕರ ಫೋನ್ ನಂಬರ್ ಅವರ ಬಳಿ ಇತ್ತು. ಒಂದು ಕರೆ ಮಾಡಿದ್ದರೆ ಪುಸ್ತಕ ಮನೆಗೆ ಬರುತ್ತಿತ್ತು. ಕೊಳ್ಳಬಲ್ಲವರು, ಪುಸ್ತಕ ಕೈಗೆಟುಕುವವರು ಕೊಳ್ಳದೆ ನಕಲು ಓದಿದರೆ ಲೇಖಕನ ಮುಂದಿನ ಪುಸ್ತಕ ಹುಟ್ಟುವ ಮೊದಲೇ ಸಾಯುತ್ತದೆ. ನಮ್ಮ ಹುಡುಗಿಯರ ಜೆರಾಕ್ಸಿಗೂ ಈ ಪಿಡಿಎಫಿಗೂ ಕಾನೂನಿನ ಕಣ್ಣಿನಲ್ಲಿ ಭೇದವಿಲ್ಲ. ನನ್ನ ಕಣ್ಣಿನಲ್ಲಿ ಇದೆ. ಓದುಗನ ಮತ್ತು ಪುಸ್ತಕದ ನಡುವೆ ಎಷ್ಟು ದೂರವಿತ್ತು, ಆ ದೂರ ದಾಟುವ ಬೇರೆ ದಾರಿ ಅವನಿಗಿತ್ತೇ ಎಂದು ಕೇಳದೆ ಯಾರ ಮೇಲೂ ತೀರ್ಪು ಕೊಡಬಾರದು.

ದೆಹಲಿಯ ಒಂದು ಮೊಕದ್ದಮೆ ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದೆ ನೇರವಾಗಿ ಇಟ್ಟಿತ್ತು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಸರ್ವಿಸ್ ಎಂಬ ಸಣ್ಣ ಅಂಗಡಿ. ಅಧ್ಯಾಪಕರು ಬೇರೆ ಬೇರೆ ಪುಸ್ತಕಗಳಿಂದ ಓದಬೇಕಾದ ಅಧ್ಯಾಯಗಳನ್ನು ಆರಿಸಿ ಪಟ್ಟಿ ಕೊಡುತ್ತಿದ್ದರು, ಅಂಗಡಿಯವರು ಅವನ್ನೆಲ್ಲ ಜೆರಾಕ್ಸ್ ಮಾಡಿ ಒಂದು ಕಟ್ಟು ಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್, ಟೇಲರ್ ಅಂಡ್ ಫ್ರಾನ್ಸಿಸ್ ಈ ಅಂಗಡಿಯ ಮೇಲೆ ಮತ್ತು ವಿಶ್ವವಿದ್ಯಾಲಯದ ಮೇಲೆ ದೆಹಲಿ ಹೈಕೋರ್ಟಿಗೆ ಹೋದವು. ಲೋಕದ ದೊಡ್ಡ ಪ್ರಕಾಶನ ಸಂಸ್ಥೆಗಳು ಒಂದು ಕಡೆ, ಜೆರಾಕ್ಸ್ ಅಂಗಡಿ ಇನ್ನೊಂದು ಕಡೆ. ಆಗ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ಮೊಕದ್ದಮೆಯಲ್ಲಿ ತಾವೂ ಪಕ್ಷಗಾರರಾದರು. ಅಧ್ಯಾಪಕರು ಬೇರೆ ಸಂಘ ಕಟ್ಟಿದರು. ಯಾರ ಪುಸ್ತಕಗಳ ನಕಲಾಗಿದೆಯೆಂದು ದೂರಿದ್ದರೋ ಆ ಲೇಖಕರಲ್ಲೇ ಹಲವರು ಮೊಕದ್ದಮೆ ಬೇಡವೆಂದು ಸಹಿ ಹಾಕಿದರು. ಅಮರ್ತ್ಯ ಸೇನ್ ತಮ್ಮ ಪ್ರಕಾಶಕರಿಗೇ ಪತ್ರ ಬರೆದು ಇದು ಸರಿಯಲ್ಲ ಎಂದರು.

2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಮೊಕದ್ದಮೆಯನ್ನು ವಜಾ ಮಾಡಿದರು. ಹಕ್ಕುಸ್ವಾಮ್ಯ ಎಂಬುದು ದೇವರು ಕೊಟ್ಟ ಹಕ್ಕಲ್ಲ, ಜ್ಞಾನ ಬೆಳೆಯಲೆಂದು ಸಮಾಜ ಮಾಡಿಕೊಂಡ ಏರ್ಪಾಡು ಎಂಬುದು ಆ ತೀರ್ಪಿನ ತಿರುಳು. ಕಲಿಸುವ ಕೆಲಸಕ್ಕಾಗಿ ಶಿಕ್ಷಕರೋ ವಿದ್ಯಾರ್ಥಿಗಳೋ ಮಾಡಿಕೊಳ್ಳುವ ಪ್ರತಿಗೆ ಕಾಯ್ದೆಯ 52ನೇ ಕಲಮಿನಲ್ಲೇ ವಿನಾಯಿತಿ ಇದೆ. ಹಿಂದೆ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕೂತು ಕೈಯಲ್ಲಿ ಬರೆದುಕೊಳ್ಳುತ್ತಿದ್ದುದನ್ನು ಈಗ ಯಂತ್ರ ಮಾಡಿದರೆ ಅಪರಾಧ ಹೇಗಾಗುತ್ತದೆ ಎಂದು ಅವರು ಕೇಳಿದರು. ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಕೆಲವು ಸಂಗತಿಗಳ ವಿಚಾರಣೆ ಮತ್ತೆ ನಡೆಯಲಿ ಎಂದಿತು. ಆದರೆ ಮುಖ್ಯ ತತ್ತ್ವವನ್ನು ಅದೂ ಎತ್ತಿಹಿಡಿಯಿತು: ಎಷ್ಟು ಪುಟ ಎಂಬುದಕ್ಕಿಂತ ಕಲಿಕೆಗೆ ಅಷ್ಟು ಬೇಕಿತ್ತೇ ಎಂಬುದೇ ಮುಖ್ಯ. 2017ರ ಮಾರ್ಚಿನಲ್ಲಿ ಪ್ರಕಾಶಕರು ತಾವಾಗಿಯೇ ಹಿಂದೆ ಸರಿದರು.

ಈ ತೀರ್ಪು ನನಗೆ ಬಹಳ ದೊಡ್ಡದು. ತರಗತಿಗೆ ಒಂದು ಕಥೆಯನ್ನೋ ವಿಮರ್ಶೆಯ ಒಂದು ಅಧ್ಯಾಯವನ್ನೋ ಜೆರಾಕ್ಸ್ ಮಾಡಿಸಿ ಹಂಚುವಾಗ ನನಗೆ ಅಳುಕಿಲ್ಲ. ಆದರೆ ಅದು ಪಾಠದ ಕೋಣೆಯವರೆಗಿನ ಮಾತು. ಪರೀಕ್ಷೆಗಿಲ್ಲದ, ಯಾರೂ ಓದೆಂದು ಹೇಳದ ಕಾದಂಬರಿಯೊಂದನ್ನು ಬರೀ ಆಸೆಯಿಂದ ಓದಬಯಸುವ ಹುಡುಗಿಗೆ ಆ ವಿನಾಯಿತಿ ದಕ್ಕುವುದಿಲ್ಲ. ಸಾಹಿತ್ಯ ಉಳಿದಿರುವುದೇ ಅಂಥ ಓದಿನಿಂದ. ಅವಳ ದಾರಿ ಯಾವುದು?

ಆ ದಾರಿಯ ಹೆಸರು ಸಾರ್ವಜನಿಕ ಗ್ರಂಥಾಲಯ. ಕೊಳ್ಳಲಾರದವನೂ ಓದಬಹುದು, ಲೇಖಕನಿಗೂ ಒಂದು ಪ್ರತಿಯ ಬೆಲೆ ಸಲ್ಲುತ್ತದೆ. ಇಬ್ಬರಿಗೂ ಅನ್ಯಾಯವಾಗದ ಏರ್ಪಾಡು ಇದೊಂದೇ. ಕರ್ನಾಟಕದಲ್ಲಿ ಇದಕ್ಕೆ 1965ರಲ್ಲೇ ಕಾಯ್ದೆ ಬಂದಿದೆ. ಆಸ್ತಿ ತೆರಿಗೆಯ ಒಂದೊಂದು ರೂಪಾಯಿಯ ಮೇಲೂ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಮನೆಯ ತೆರಿಗೆ ರಸೀದಿ ತೆಗೆದು ನೋಡಿ, ಬೇರೆ ಸಾಲಿನಲ್ಲೇ ಇರುತ್ತದೆ. ಹೀಗೆ ಜನರಿಂದ ವಸೂಲಾದ ಕರವನ್ನು ನಗರಾಡಳಿತಗಳು ಗ್ರಂಥಾಲಯ ಇಲಾಖೆಗೆ ಸಕಾಲಕ್ಕೆ ಕಟ್ಟುವುದಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯೊಂದರ ಬಾಕಿಯೇ ನೂರಾರು ಕೋಟಿ ರೂಪಾಯಿಗೆ ಏರಿದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇಲಾಖೆಯ ಸಗಟು ಖರೀದಿ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿ ಕೊಳ್ಳುವ ಪದ್ಧತಿ ಇದೆ. ಸಣ್ಣ ಪ್ರಕಾಶಕರು ಬದುಕಿರುವುದೇ ಆ ಮುನ್ನೂರರ ಮೇಲೆ. ಆಯ್ಕೆಗೆ ವರ್ಷಗಟ್ಟಲೆ, ಆಮೇಲೆ ಹಣಕ್ಕೆ ವರ್ಷಗಟ್ಟಲೆ ಕಾಯಬೇಕು. ಪುಟಕ್ಕೆ ಇಷ್ಟು ಎಂದು ನಿಗದಿಯಾದ ದರ ಕಾಗದದ ಬೆಲೆಯ ಹಿಂದೆ ಏದುಸಿರು ಬಿಡುತ್ತ ಓಡುತ್ತದೆ. ಪಿಡಿಎಫ್ ಹಂಚಿದವನ ಮೇಲೆ ನಾವು ಕೂಗಾಡುತ್ತೇವೆ. ಓದುಗರು ಮುಂಗಡವಾಗಿಯೇ ಕಟ್ಟಿದ ಹಣ ಪುಸ್ತಕವಾಗದೆ ಎಲ್ಲೋ ನಿಂತಿದೆಯಲ್ಲ, ಲೇಖಕರಿಗೂ ಓದುಗರಿಗೂ ಅದರಿಂದ ಆದ ನಷ್ಟ ಯಾವ ಪೈರಸಿಗೂ ಕಡಿಮೆಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಳ್ಳಿಗಳ ಮಟ್ಟಿಗೆ ಒಂದು ಒಳ್ಳೆಯ ಬದಲಾವಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರಿದೆ. ರಾಜ್ಯದಲ್ಲಿ ಇಂಥವು 5,500ಕ್ಕೂ ಹೆಚ್ಚು. 2020ರ ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳನ್ನೆಲ್ಲ ಸದಸ್ಯರನ್ನಾಗಿ ಮಾಡಿದರು. ನಮ್ಮ ತಾಲ್ಲೂಕಿನ ಒಂದು ಅರಿವು ಕೇಂದ್ರಕ್ಕೆ ನಾನು ಆಗಾಗ ಹೋಗುತ್ತೇನೆ. ಗೋಡೆಗೆ ಬಣ್ಣ ಬಂದಿದೆ, ಕೂರಲು ಮಣೆಗಳಿವೆ, ಒಂದು ಕಂಪ್ಯೂಟರಿದೆ. ಮೇಲ್ವಿಚಾರಕರು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದಿಸುತ್ತಾರೆ. ಮಕ್ಕಳ ಪುಸ್ತಕ ಸಾಕಷ್ಟು ಬಂದಿವೆ, ಪರೀಕ್ಷಾ ಪುಸ್ತಕಗಳೂ ಇವೆ. ಹದಿನೆಂಟು ದಾಟಿದ, ಕಾದಂಬರಿಯ ಹಸಿವಿರುವ ಹುಡುಗಿಗೆ ಬೇಕಾದ ಕಪಾಟು ಮಾತ್ರ ಬಡವಾಗಿದೆ. ಬಂದ ಪುಸ್ತಕಗಳು ಬೆಂಗಳೂರಿನ ಪಟ್ಟಿಯಿಂದ ಬಂದವು. ಇಲ್ಲಿಯ ಓದುಗರನ್ನು ‘ನಿಮಗೇನು ಬೇಕು’ ಎಂದು ಕೇಳಿ ತರಿಸಿದ್ದಲ್ಲ.

ನಮ್ಮ ಹಿರಿಯರು ಪುಸ್ತಕ ಊರು ಮುಟ್ಟಿಸುವುದನ್ನು ಬರೆಯುವ ಕೆಲಸದಷ್ಟೇ ದೊಡ್ಡದಾಗಿ ತಿಳಿದಿದ್ದರು. ಹಾವೇರಿ ಸೀಮೆಯ ಗಳಗನಾಥರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು. ಓದು ಬಲ್ಲವರೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಮನೆ ಬಾಗಿಲಿಗೆ ಹೋಗಿ ಕನ್ನಡ ಓದುಗರನ್ನು ಹುಟ್ಟಿಸಿದರು. ಜಿ.ಪಿ. ರಾಜರತ್ನಂ ತಮ್ಮ ಪುಸ್ತಕಗಳ ಜೊತೆಗೆ ಪರರ ಪುಸ್ತಕಗಳನ್ನೂ ಚೀಲದಲ್ಲಿ ಹೊತ್ತು ಮಾರಿದರು, ತಮ್ಮನ್ನು ಸಾಹಿತ್ಯ ಪರಿಚಾರಕ ಎಂದು ಕರೆದುಕೊಂಡರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿ ಅವರ ಮನೆಗೆ ಪುಸ್ತಕ ಕಳಿಸಿತು. ಉತ್ತರ ಕರ್ನಾಟಕದ ಎಷ್ಟೋ ಹಳೆಯ ಮನೆಗಳ ಕಪಾಟಿನಲ್ಲಿ ಆ ಮಾಲೆಯ ಪುಸ್ತಕಗಳು ಈಗಲೂ ಸಾಲಾಗಿವೆ. ಆ ಚಂದಾದಾರರು ಇದ್ದದ್ದು ಅಂಚೆ ಮುಟ್ಟುವ ಊರುಗಳಲ್ಲಿ.

ಅಂಚೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪುಸ್ತಕಗಳಿಗೆಂದು ರಿಯಾಯಿತಿ ದರದ ನೋಂದಾಯಿತ ಬುಕ್ ಪೋಸ್ಟ್ ಇತ್ತಲ್ಲ, ಅದನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿಬಿಟ್ಟರು. ಖಾಸಗಿ ಕೊರಿಯರ್ ತಾಲ್ಲೂಕು ಕೇಂದ್ರ ದಾಟಿ ಒಳಗೆ ಬರುವುದು ಕಷ್ಟ. ಕೆಲವು ತಿಂಗಳು ಸಣ್ಣ ಪ್ರಕಾಶಕರು ನೂರು ರೂಪಾಯಿಯ ಪುಸ್ತಕ ಕಳಿಸಲು ಅದರ ಬೆಲೆಗೆ ಸಮೀಪದ ಖರ್ಚು ಮಾಡಿದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100. ಇದು ಒಳ್ಳೆಯ ಸುದ್ದಿ. ಇಂಥದೊಂದು ಸೇವೆ ಇದೆಯೆಂದು ಹೆಚ್ಚಿನ ಓದುಗರಿಗೆ ತಿಳಿಯದಿರುವುದು ಬೇಸರದ ಸಂಗತಿ. ಪುಸ್ತಕದ ಹಿಂಬದಿಯಲ್ಲಿ ಲೇಖಕರ ಪ್ರಶಸ್ತಿಗಳ ಪಟ್ಟಿಗಿಂತ, ‘ಅಂಚೆವೆಚ್ಚ ಸೇರಿ ಇಷ್ಟು, ಈ ನಂಬರಿಗೆ ಹಣ ಕಳಿಸಿ’ ಎಂಬ ಎರಡು ಸಾಲು ದೊಡ್ಡಕ್ಷರದಲ್ಲಿ ಇರಬೇಕು.

ಕಣ್ಣು ಕಾಣದ ಓದುಗರ ಪಾಡು ಇನ್ನೂ ಬೇರೆ. ನಮ್ಮ ಕಾಲೇಜಿನಲ್ಲಿ ಅಂಥ ಒಬ್ಬ ವಿದ್ಯಾರ್ಥಿ ಇದ್ದ, ಕಂಪ್ಯೂಟರ್ ಓದಿ ಹೇಳುವುದನ್ನು ಕೇಳಿ ಕಲಿಯುತ್ತಿದ್ದ. ಅವನಂಥವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದಕ್ಕೆ 2012ರ ತಿದ್ದುಪಡಿಯಲ್ಲಿ ನಮ್ಮ ಕಾನೂನೇ ಅನುಮತಿ ಕೊಟ್ಟಿದೆ. ಇದೇ ಉದ್ದೇಶಕ್ಕೆ ಆದ 2013ರ ಮರಾಕೇಶ್ ಒಪ್ಪಂದವನ್ನು ಲೋಕದಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ. ಕಾನೂನಿನ ಬಾಗಿಲು ತೆರೆದಿದೆ, ಒಳಗೆ ಹೋದರೆ ಕನ್ನಡ ಪುಸ್ತಕ ವಿರಳ. ವಾಟ್ಸಾಪಿನಲ್ಲಿ ಬರುವ ಪಿಡಿಎಫ್ ಬರೀ ಚಿತ್ರ, ಯಂತ್ರ ಅದನ್ನು ಹಾಗೇ ಓದಲಾರದು. ಪ್ರಕಾಶಕರನ್ನು ಕೇಳಿ ಮೂಲ ಫೈಲು ತರಿಸಿದರೆ ಅದು ‘ನುಡಿ’ಯೋ ‘ಬರಹ’ವೋ ಎಂಬ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತದೆ. ತೆರೆಯ ಮೇಲೆ ಕನ್ನಡದಂತೆ ಕಂಡರೂ ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲು. ಯೂನಿಕೋಡಿಗೆ ತಿರುಗಿಸಿ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸಿ ಕೊಟ್ಟರೆ ಮಾತ್ರ ಅವನು ಕೇಳಬಲ್ಲ. ಅವನ ಗೆಳೆಯರು ಹಾಸ್ಟೆಲಿನಲ್ಲಿ ಸರದಿಯ ಮೇಲೆ ಮೊಬೈಲಿನಲ್ಲಿ ಪುಸ್ತಕ ಓದಿ ದನಿ ಮುದ್ರಿಸಿ ಕೊಡುತ್ತಿದ್ದರು. ಒಂದು ಮುದ್ರಣದಲ್ಲಿ ಹಿನ್ನೆಲೆಗೆ ಊಟದ ಗಂಟೆ ಬಾರಿಸುತ್ತದೆ, ಓದುತ್ತಿದ್ದವನು, "ತಡಿಯೋ, ಉಂಡು ಬಂದು ಮುಂದ ಓದ್ತೀನಿ" ಎನ್ನುತ್ತಾನೆ.

ಇ-ಪುಸ್ತಕದಿಂದ ದೂರದ ಪ್ರಶ್ನೆ ಬಗೆಹರಿಯಬಹುದೆಂದು ಎಲ್ಲರೂ ಹೇಳುತ್ತಾರೆ. 2016ರ ಕೊನೆಯಲ್ಲಿ ಅಮೆಜಾನ್ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಪುಸ್ತಕಗಳು ಬಂದಾಗ ಕನ್ನಡ ಆ ಸಾಲಿನಲ್ಲಿರಲಿಲ್ಲ. ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇರುವ, ದುಡ್ಡು ಕೊಡಲು ಸಿದ್ಧವಾಗಿದ್ದ ಕನ್ನಡಿಗ ಆಗ ಎಲ್ಲಿಗೆ ಹೋಗಬೇಕಿತ್ತು? ಅಲ್ಲಿಗೆ ಪುಸ್ತಕ ತರಿಸಿದರೆ ಸಾಗಣೆಯ ಖರ್ಚು ಪುಸ್ತಕದ ಬೆಲೆಯ ಎಷ್ಟೋ ಪಟ್ಟು. ಅವನೂ ಪಿಡಿಎಫ್ ಗುಂಪಿಗೇ ಸೇರಿದ. ಆಮೇಲೆ 2020ರಲ್ಲಿ ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್ ಆ್ಯಪ್ ಬಂತು, ಇ-ಪುಸ್ತಕ ಮತ್ತು ಕೇಳು ಪುಸ್ತಕ ಎರಡೂ ಅಲ್ಲಿವೆ, ಲೇಖಕರಿಗೆ ಹಣವೂ ಹೋಗುತ್ತದೆ. ಇಂಥದ್ದು ಇದೆಯೆಂದು ತೋರಿಸಿಕೊಟ್ಟರೆ ನಮ್ಮ ಕೆಲವು ಹುಡುಗರು ಫೋನ್‌ಪೇಯಲ್ಲಿ ದುಡ್ಡು ಕೊಟ್ಟೇ ಓದುತ್ತಾರೆ. ಕೊಡುವ ಮನಸ್ಸಿದೆ, ಕೊಡುವ ಜಾಗ ಕಾಣಬೇಕು.

ನ್ಯಾಯವಾಗಿಯೇ ಉಚಿತವಾಗಿರುವ ಕನ್ನಡ ಪುಸ್ತಕಗಳ ಲೋಕವೂ ಒಂದಿದೆ. ಅದನ್ನು ನಾವು ಮಕ್ಕಳಿಗೆ ತೋರಿಸುತ್ತಿಲ್ಲ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಕಳೆದರೆ ಕೃತಿ ಎಲ್ಲರದು. ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ಹೋದರು. 2024ರ ಜನವರಿ 1ರಿಂದ ಅವರ ಕಾದಂಬರಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಜೆರಾಕ್ಸ್ ಮಾಡಬಹುದು, ಓದಿ ದನಿ ಮುದ್ರಿಸಬಹುದು. ನಿರಂಜನ ತೀರಿಕೊಂಡದ್ದು 1992ರಲ್ಲಿ, ಕಾನೂನಿನ ಪ್ರಕಾರ ಅವರ ಬರಹಗಳ ಮೇಲಿನ ಹಕ್ಕು 2052ರವರೆಗೆ ಮನೆಯವರದು. ಆದರೆ ಅವರ ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ತಂದೆಯ 55 ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಬದುಕಿನುದ್ದಕ್ಕೂ ದುಡಿಯುವ ಜನರ ಬಗ್ಗೆ ಬರೆದ ಲೇಖಕರ ಪುಸ್ತಕ ದುಡಿಯುವವರ ಮಕ್ಕಳ ಕೈಗೆ ಕಾಸಿಲ್ಲದೆ ಬಂದದ್ದು ನನಗೆ ತುಂಬ ಸರಿಯೆನಿಸುತ್ತದೆ. ಎಲ್ಲ ಕುಟುಂಬಗಳೂ ಹೀಗೆ ಮಾಡಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಹಲವು ಲೇಖಕರ ಮನೆಯವರಿಗೆ ಆ ಗೌರವಧನವೇ ಉಳಿದಿರುವ ಆಸ್ತಿ. ಆದರೆ ಮರುಮುದ್ರಣವೇ ಕಾಣದೆ, ಮಳಿಗೆಯಲ್ಲೂ ಸಿಗದೆ, ಯಾರಿಗೂ ಒಂದು ರೂಪಾಯಿ ತರದೆ ಕಪಾಟುಗಳಲ್ಲಿ ಗೆದ್ದಲು ಹಿಡಿಯುತ್ತಿರುವ ಪುಸ್ತಕಗಳು ಸಾವಿರಾರು. ಅವುಗಳನ್ನು ತೆರೆದಿಡಲು ಕುಟುಂಬದವರು ಮುಂದಾದರೆ ಲೇಖಕರಿಗೆ ಓದುಗರು ಸಿಕ್ಕಾರು.

ಈ ವರ್ಷ ನಾನೂ ಆ ಜೆರಾಕ್ಸ್ ಅಂಗಡಿಯ ಹುಡುಗನೂ ಕೂತು ಅವನ ಫೋಲ್ಡರನ್ನು ಒಂದು ಭಾನುವಾರ ವಿಂಗಡಿಸಿದೆವು. ಹಕ್ಕು ಮುಗಿದವು, ಹಕ್ಕುದಾರರೇ ಬಿಟ್ಟುಕೊಟ್ಟವು ಒಂದು ಕಡೆ. ಅವನ್ನು ಅವನು ಧೈರ್ಯವಾಗಿ ಹಾಳೆಯ ಖರ್ಚಿಗೆ ಕೊಡುತ್ತಾನೆ, ‘ತ್ರಿವೇಣಿ ಕಾದಂಬರಿ ಸಿಗುತ್ತವೆ’ ಎಂದು ಅಂಗಡಿಯ ಮುಂದೆ ಬರೆದು ಹಾಕಿದ್ದಾನೆ. ಈಗ ಮಾರಾಟದಲ್ಲಿರುವ ಪುಸ್ತಕಗಳು ಇನ್ನೊಂದು ಕಡೆ. ಅವುಗಳ ಹೆಸರಿನ ಮುಂದೆ ಪ್ರಕಾಶಕರ ಫೋನ್ ನಂಬರ್ ಬರೆದ ಪಟ್ಟಿಯನ್ನು ಅವನ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟಿದ್ದೇವೆ. ನಾಲ್ಕೈದು ಜನ ಕೂಡಿ ಹಣ ಹಾಕಿದರೆ ಅವನೇ ಫೋನ್ ಮಾಡಿ ತರಿಸಿಕೊಡುತ್ತಾನೆ. ನವೆಂಬರ್ ತಿಂಗಳಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದವರು ತಮ್ಮ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಡುವುದರಿಂದ ಆ ತಿಂಗಳಿಗೆಂದು ಹುಡುಗಿಯರು ಈಗಲೇ ಚೀಟಿ ಹಾಕಿದ್ದಾರೆ. ಬೆಳಗಾವಿಯ ಗೆಳೆಯರ ಅಟ್ಟದಿಂದಲೂ ಒಂದು ಕಟ್ಟು ಇಳಿದು ಬಂತು.

ಉಳಿದದ್ದು ಪಂಚಾಯತಿಯ ಕೆಲಸ. ವಿದ್ಯಾರ್ಥಿನಿಯರು ತಮಗೆ ಬೇಕಾದ ಪುಸ್ತಕಗಳ ಪಟ್ಟಿ ಮಾಡಿ, ಬೆಲೆ ಬರೆದು, ಕೂಡಿಸಿ, ತಮ್ಮ ತಮ್ಮ ಊರಿನ ಗ್ರಾಮಸಭೆಯಲ್ಲಿ ಅರಿವು ಕೇಂದ್ರದ ಹೆಸರಿನಲ್ಲಿ ಅರ್ಜಿ ಕೊಡುತ್ತಿದ್ದಾರೆ. ಮೊದಲ ಗ್ರಾಮಸಭೆಯಲ್ಲಿ ಕುಡಿಯುವ ನೀರು, ಚರಂಡಿ, ಮನೆ ಹಂಚಿಕೆ ಎಲ್ಲ ಮುಗಿದ ಮೇಲೆ ಒಬ್ಬಳು ಎದ್ದು ನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದಿದಳಂತೆ. ಅಧ್ಯಕ್ಷೆ, "ಇಷ್ಟೂ ಓದತೀರೇನವ್ವಾ?" ಎಂದು ಕೇಳಿದರಂತೆ. "ಓದಿದ್ದು ಹೇಳಾಕ ಮುಂದಿನ ಸಭಾಕ್ಕ ಬರತೀವ್ರೀ" ಎಂದಳಂತೆ ಇವಳು. ಪಿಡಿಒ ಅರ್ಜಿಗೆ ಸ್ವೀಕೃತಿಯ ಸಹಿ ಹಾಕಿ ಕೊಟ್ಟಿದ್ದಾರೆ. ಪುಸ್ತಕಗಳಿನ್ನೂ ಬಂದಿಲ್ಲ. ಮುಂದಿನ ಸಭೆಗೆ ಬೇರೆ ಮೂರು ಊರಿನ ಹುಡುಗಿಯರು ಪಟ್ಟಿ ಸಿದ್ಧ ಮಾಡುತ್ತಿದ್ದಾರೆ.